ಹೆಡ್ಡಿಗೂ ಶೀಟಿಗೂ ನಡುವಿನ ಎರಡು ಮಿಲಿಮೀಟರ್

ಒಂದು ದೇವಸ್ಥಾನದ ದಾನಿಗಳ ಪಟ್ಟಿ. 5 ಮಿ.ಮೀ. ದಪ್ಪದ ಬಿಳಿ ಅಕ್ರಿಲಿಕ್ ಮೇಲೆ ಕಪ್ಪಕ್ಷರದಲ್ಲಿ ಹೆಸರು, ಊರು, ಕೊಟ್ಟ ಮೊತ್ತ. ಪ್ರಿಂಟ್ ಮಾಡಿ ಕಳಿಸಿದ ಎರಡನೇ ದಿನ ಬೋರ್ಡ್ ವಾಪಸ್ ಬಂತು. ತಂದವರು ಹಿರಿಯರು, ಜಗಳ ಆಡಲಿಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ರಥಬೀದಿನೋ ರದಬೀದಿನೋ, ನೀನೇ ಓದಿ ಹೇಳಪ್ಪ" ಅಂದರು. ಬಗ್ಗಿ ನೋಡಿದೆ. 'ಥ'ದ ಹೊಟ್ಟೆಯೊಳಗೆ ಇರಬೇಕಾದ ಚುಕ್ಕಿ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಅಕ್ಷರದ ಒಳಗೂ ಹೊರಗೂ ಬೂದು ಬಣ್ಣದ ಮಂಜು. ಒತ್ತಕ್ಷರಗಳಂತೂ ಮಸಿ ಚೆಲ್ಲಿದ ಹಾಗಿದ್ದವು.

ನಮ್ಮ ಕಸುಬಿನಲ್ಲಿ ಇಂಥದ್ದು ಕಂಡ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಹೆಡ್ ಹೋಯ್ತು." ಹೆಡ್ ಅಂದರೆ ಮೆಷಿನ್ನಿನಲ್ಲಿ ಇಂಕನ್ನು ಹನಿಹನಿಯಾಗಿ ಚಿಮ್ಮುವ ಭಾಗ. ನಾನೂ ಹಾಗೇ ಅಂದುಕೊಂಡೆ. ಹೆಡ್ಡಿನ ತೂತುಗಳೆಲ್ಲ, ಅಂದರೆ ನಾಝಲ್‌ಗಳು, ಇಂಕ್ ಬಿಡುತ್ತಿವೆಯಾ ಅಂತ ನಾಝಲ್ ಚೆಕ್ ತೆಗೆದು ನೋಡಿದರೆ ಒಂದು ಗೆರೆಯೂ ತಪ್ಪಿರಲಿಲ್ಲ. ಹೆಡ್ ಸರಿಯಾಗಿಯೇ ಇತ್ತು, ಇಂಕೂ ಸರಿಯಾಗಿತ್ತು. ಕೆಟ್ಟಿದ್ದು ಹೆಡ್ಡಿನಿಂದ ಹೊರಟು ಶೀಟ್ ಮುಟ್ಟುವ ಮಧ್ಯದ ಎರಡು ಮಿಲಿಮೀಟರ್ ದಾರಿಯಲ್ಲಿ. ಅದಕ್ಕೆ ಕಾರಣ ಶೀಟ್, ಮತ್ತು ಆ ಶೀಟನ್ನು ನಾವು ಬೆಡ್ ಮೇಲೆ ಇಟ್ಟ ರೀತಿ.

ಫ್ಲೆಕ್ಸ್, ವಿನೈಲ್ ಥರದ ರೋಲ್ ಮೇಲೆ ಪ್ರಿಂಟ್ ಮಾಡಿದವರಿಗೆ ಈ ಕಷ್ಟ ಅಷ್ಟಾಗಿ ಗೊತ್ತಿರುವುದಿಲ್ಲ. ರೋಲನ್ನು ಮೆಷಿನ್ ಎರಡೂ ಕಡೆಯಿಂದ ಎಳೆದು ಹಿಡಿಯುತ್ತದೆ, ಸುಕ್ಕು ತಾನಾಗಿ ಹೋಗುತ್ತದೆ. ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ), ಎಸಿಪಿ (ಎರಡು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ ಹಲಗೆ), ಅಕ್ರಿಲಿಕ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಫ್ಲೂಟ್ ಬೋರ್ಡ್ (ಒಳಗೆ ಟೊಳ್ಳು ಸಾಲುಗಳಿರುವ ಪ್ಲಾಸ್ಟಿಕ್ ಹಲಗೆ) ಹಾಗಲ್ಲ. ಎಳೆದರೆ ಬರುವುದಿಲ್ಲ, ಒತ್ತಿದರೆ ಮತ್ತೆ ಏಳುತ್ತವೆ. ಒಂದೊಂದು ಶೀಟಿಗೂ ಒಂದೊಂದು ಡೊಂಕು. ಮೊದಲೆಲ್ಲ ವಿನೈಲ್ ಮೇಲೆ ಪ್ರಿಂಟ್ ಹೊಡೆದು ಸನ್‌ಬೋರ್ಡಿಗೆ ಅಂಟಿಸುತ್ತಿದ್ದೆವು. ಈಗಲೂ ಎಷ್ಟೋ ಕಡೆ ಹಾಗೇ ನಡೆಯುತ್ತದೆ. ಗುಳ್ಳೆ ಬಂದರೆ ಸೂಜಿಯಿಂದ ಚುಚ್ಚಿ ಒರೆಸಿದರೆ ಆಯ್ತು. 2000ರ ದಶಕದಲ್ಲಿ ಯುವಿ (ನೇರಳಾತೀತ ಬೆಳಕಿನ) ಫ್ಲಾಟ್‌ಬೆಡ್ ಪ್ರಿಂಟರ್ ಬಂದು ನೇರ ಶೀಟಿನ ಮೇಲೇ ಪ್ರಿಂಟ್ ಮಾಡಬಹುದಾಯ್ತು. ಅಂಟಿಸುವ ಕೆಲಸ ತಪ್ಪಿತು, ಹೊಸ ತಲೆನೋವು ಶುರುವಾಯ್ತು.

ಮೆಷಿನ್ ಕೆಲಸ ಮಾಡುವ ಬಗೆ ಹೇಳಿಬಿಡುತ್ತೇನೆ. ದೊಡ್ಡ ಮೇಜಿನಂಥ ಬೆಡ್, ಅದರ ಮೇಲೆ 8 ಅಡಿ ಉದ್ದ 4 ಅಡಿ ಅಗಲದ ಶೀಟ್. ಹೆಡ್‌ಗಳನ್ನು ಹೊತ್ತ ಕ್ಯಾರೇಜ್ ಅದರ ಮೇಲೆ ಅತ್ತಿತ್ತ ಓಡುತ್ತದೆ. ಕ್ಯಾರೇಜಿನ ಎರಡೂ ಪಕ್ಕದಲ್ಲಿ ಯುವಿ ಲ್ಯಾಂಪ್. ಬಿದ್ದ ಇಂಕಿಗೆ ಆ ಬೆಳಕು ತಾಗಿದ ಕೂಡಲೇ ಗಟ್ಟಿಯಾಗುತ್ತದೆ. ಇದು ಒಣಗುವುದಲ್ಲ. ನೀರೋ ಥಿನ್ನರ್ರೋ ಆವಿಯಾಗಿ ಹೋಗುವ ಲೆಕ್ಕ ಇಲ್ಲಿಲ್ಲ. ದ್ರವವೇ ಪ್ಲಾಸ್ಟಿಕ್ ಆಗಿಬಿಡುತ್ತದೆ. ಹಾಗಾಗಿ ದಾರಿ ತಪ್ಪಿದ ಹನಿಯೂ ತಪ್ಪಿದ ಜಾಗದಲ್ಲೇ ಗಟ್ಟಿಯಾಗಿ ಕೂರುತ್ತದೆ. ಹರಡಿಕೊಂಡು ತಪ್ಪು ಮುಚ್ಚಿಕೊಳ್ಳಲು ಅದಕ್ಕೆ ಪುರುಸೊತ್ತೇ ಇಲ್ಲ.

ಹನಿ ಎಷ್ಟು ದೊಡ್ಡದು? ಈಗಿನ ಹೆಡ್‌ಗಳಲ್ಲಿ 7 ಪಿಕೋಲೀಟರ್ ಸಾಮಾನ್ಯ ಅಳತೆ. ಲೆಕ್ಕ ಹಾಕಿದರೆ ಸುಮಾರು 24 ಮೈಕ್ರಾನ್ ಅಗಲದ ಗುಂಡು, ಅಂದರೆ ತಲೆಗೂದಲಿನ ಮೂರನೇ ಒಂದು ಭಾಗ. ಅದು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಕೆಳಗೆ ಹೋಗುತ್ತಿದೆ ಅಂದುಕೊಳ್ಳಿ. ಅದೇ ಹೊತ್ತಿಗೆ ಕ್ಯಾರೇಜ್ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಪಕ್ಕಕ್ಕೆ ಓಡುತ್ತಿದೆ. ಓಡುವ ಬಸ್ಸಿನ ಬಾಗಿಲಿಂದ ಜಾರಿದ ನಾಣ್ಯ ಜಾರಿದ ಜಾಗದಲ್ಲಿ ಬೀಳುತ್ತದಾ? ಬಸ್ಸಿನ ಜೊತೆ ಒಂದಿಷ್ಟು ಮುಂದೆ ಹೋಗಿಯೇ ಬೀಳುತ್ತದೆ. ಹನಿಯೂ ಅಷ್ಟೇ. 2 ಮಿ.ಮೀ. ಅಂತರ ಇದ್ದರೆ 0.33 ಮಿ.ಮೀ. ಮುಂದೆ ಬೀಳುತ್ತದೆ. ಹೋಗುವಾಗ ಬಲಕ್ಕೆ, ಬರುವಾಗ ಎಡಕ್ಕೆ. ಇದು ಮೆಷಿನ್ನಿಗೂ ಗೊತ್ತು. ಬೈಡೈರೆಕ್ಷನಲ್ ಕ್ಯಾಲಿಬ್ರೇಷನ್ ಅಂತ ಮಾಡುತ್ತೇವಲ್ಲ, ಎರಡೂ ಕಡೆಯ ಹನಿಗಳನ್ನು ಒಂದೇ ಜಾಗಕ್ಕೆ ತಂದು ಕೂರಿಸುವುದೇ ಅದರ ಕೆಲಸ.

ಆದರೆ ಆ ಲೆಕ್ಕ ನಿಂತಿರುವುದೇ 2 ಮಿ.ಮೀ. ಮೇಲೆ. ಶೀಟಿನ ಮಧ್ಯ ಸರಿಯಿದ್ದು ಮೂಲೆ ಮಾತ್ರ 1 ಮಿ.ಮೀ. ತಗ್ಗಾಗಿದೆ ಅನ್ನಿ. ಅಲ್ಲಿ ಅಂತರ 3 ಮಿ.ಮೀ. ಆಯ್ತು, ಹನಿ 0.5 ಮಿ.ಮೀ. ಮುಂದೆ ಹೋಯ್ತು. ಹೋಗುವ ಪಾಸಿನ (ಕ್ಯಾರೇಜಿನ ಒಂದು ಓಟಕ್ಕೆ ಪಾಸ್ ಅನ್ನುತ್ತೇವೆ) ಹನಿಗೂ ಬರುವ ಪಾಸಿನ ಹನಿಗೂ ನಡುವೆ 0.33 ಮಿ.ಮೀ. ವ್ಯತ್ಯಾಸ ಬಂತು. ಕೇಳಲು ಚಿಕ್ಕದು, ಅಲ್ವಾ? 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿ ಇಡುವಾಗ, ಒಂದು ಚುಕ್ಕಿಯ ಜಾಗ 0.042 ಮಿ.ಮೀ. ಹಾಗಾಗಿ ಎಂಟು ಚುಕ್ಕಿಯಷ್ಟು ಗುರಿ ತಪ್ಪಿದಂತಾಯ್ತು. ಒಂದೇ ಶೀಟಿನಲ್ಲಿ ಮಧ್ಯದ ಅಕ್ಷರ ಕತ್ತರಿಸಿಟ್ಟ ಹಾಗೆ, ಮೂಲೆಯ ಅಕ್ಷರ ಎರಡೆರಡಾಗಿ ಕಂಡರೆ ಕ್ಯಾಲಿಬ್ರೇಷನ್ ಮತ್ತೆ ಮತ್ತೆ ಮಾಡಿ ಏನೂ ಪ್ರಯೋಜನವಿಲ್ಲ. ಮೂಲೆಗೆ ಸರಿಮಾಡಿದರೆ ಮಧ್ಯ ಕೆಡುತ್ತದೆ.

ಹಾಗಾದರೆ ಶೀಟ್ ಡೊಂಕಾಗುವುದು ಯಾಕೆ? ಹೆಚ್ಚಿನ ಸಲ ನಮ್ಮ ಗೋಡೌನಿನಲ್ಲೇ. ಜಾಗ ಇಲ್ಲ ಅಂತ ಗೋಡೆಗೆ ಒರಗಿಸಿ ಇಡುತ್ತೇವೆ. 3 ಮಿ.ಮೀ. ಸನ್‌ಬೋರ್ಡ್ ವಾರಗಟ್ಟಲೆ ಹಾಗೆ ನಿಂತರೆ ಬಿಲ್ಲಿನ ಹಾಗೆ ಬಾಗುತ್ತದೆ. ಒಂದು ಸಲ ಬಾಗಿದ್ದು ಪೂರ್ತಿ ನೆಟ್ಟಗಾಗುವುದು ಕಷ್ಟ. ಕೆಳಗೆ ಸಮತಟ್ಟಾದ ಪ್ಲೈವುಡ್ ಹಾಕಿ ಒಂದರ ಮೇಲೊಂದು ಮಲಗಿಸಿಡುವುದೇ ಸರಿ. ಎರಡು ಕಟ್ಟಿಗೆ ತುಂಡಿನ ಮೇಲೆ ಮಲಗಿಸಿಟ್ಟರೂ ನಡುವೆ ಜೋತು ಬೀಳುತ್ತದೆ.

ಬಿಸಿಯೂ ಶೀಟನ್ನು ಆಡಿಸುತ್ತದೆ. ಅಕ್ರಿಲಿಕ್ ಬಿಸಿಗೆ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಹಿಗ್ಗುತ್ತದೆ. 8 ಅಡಿಯ ಶೀಟ್ 10 ಡಿಗ್ರಿ ಬಿಸಿಯಾದರೆ ಸುಮಾರು 1.7 ಮಿ.ಮೀ. ಉದ್ದವಾಗುತ್ತದೆ. ಬಿಸಿಲಲ್ಲಿ ಟೆಂಪೋದಲ್ಲಿ ಬಂದ ಶೀಟನ್ನು ಇಳಿಸಿದ ಕೂಡಲೇ ಎಸಿ ರೂಮಿನ ಬೆಡ್ ಮೇಲೆ ಹಾಕಿದರೆ ಪ್ರಿಂಟ್ ನಡೆಯುತ್ತಿರುವಾಗಲೇ ಅದು ಕುಗ್ಗುತ್ತಿರುತ್ತದೆ. ಹಿಂದಿನ ದಿನವೇ ತಂದು ಮೆಷಿನ್ ಇರುವ ರೂಮಿನಲ್ಲಿ ಮಲಗಿಸಿಡಿ. ಗಿರಾಕಿ ಬಾಗಿಲಲ್ಲಿ ನಿಂತು "ಅರ್ಜೆಂಟ್ ಸರ್" ಅನ್ನುವಾಗ ಈ ಮಾತು ಹೇಳುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಕರಾವಳಿಯ ಮಳೆಗಾಲದಲ್ಲಿ ಎಂಡಿಎಫ್‌ದು ಬೇರೆಯೇ ಕಥೆ. ಅದು ತೇವ ಕುಡಿದು ಊದಿಕೊಳ್ಳುತ್ತದೆ, ಅದೂ ಕತ್ತರಿಸಿದ ಅಂಚಿನಲ್ಲಿ ಜಾಸ್ತಿ.

ಅಷ್ಟಾದರೂ ಸ್ವಲ್ಪ ಬಾಗಿದ ಶೀಟೇ ಕೈಗೆ ಸಿಗುವುದು. ಅದನ್ನು ಬೆಡ್ ಮೇಲೆ ಯಾವ ಮುಖ ಮೇಲೆ ಮಾಡಿ ಇಡಬೇಕು ಅನ್ನುವುದರಲ್ಲಿ ಒಂದು ಉಪಾಯ ಇದೆ. ಎರಡೂ ಮುಖ ಒಂದೇ ಥರ ಇದ್ದರೆ, ಬೋಗುಣಿಯನ್ನು ಮಗುಚಿ ಹಾಕಿದ ಹಾಗೆ, ಉಬ್ಬು ಮೇಲೆ ಬರುವಂತೆ ಇಡಿ. ಅಂಚು ನಾಲ್ಕೂ ಕಡೆ ಬೆಡ್ಡಿಗೆ ತಾಗಿರುತ್ತದೆ, ಒಳಗಿನ ಗಾಳಿಯನ್ನು ಬೆಡ್ಡಿನ ತೂತುಗಳ ಮೂಲಕ ವ್ಯಾಕ್ಯೂಮ್ ಎಳೆದುಕೊಂಡರೆ ಹೊಟ್ಟೆ ತಾನಾಗಿ ಕೆಳಗೆ ಕೂರುತ್ತದೆ. ಅಂಚು ಮೇಲೆದ್ದಿರುವಂತೆ ಇಟ್ಟರೆ ಸುತ್ತಲಿಂದ ಗಾಳಿ ನುಗ್ಗುತ್ತಲೇ ಇರುತ್ತದೆ. ವ್ಯಾಕ್ಯೂಮ್ ಎಷ್ಟು ಜೋರಾಗಿ ಕೂಗಿದರೂ ಶೀಟ್ ಅಲ್ಲಾಡುವುದಿಲ್ಲ. ಎದ್ದ ಅಂಚನ್ನು ತೆಳು ಟೇಪಿನಿಂದ ಬೆಡ್ಡಿಗೆ ಬಿಗಿಯುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಶೀಟ್ ಬೆಡ್ಡಿಗಿಂತ ಚಿಕ್ಕದಾದರೆ ಉಳಿದ ತೂತುಗಳನ್ನು ವೇಸ್ಟ್ ವಿನೈಲಿನಿಂದ ಮುಚ್ಚಿ. ಸುಮ್ನೆ ಬಿಟ್ಟರೆ ವ್ಯಾಕ್ಯೂಮಿನ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ.

ಎತ್ತರ ನೋಡುವಾಗ ಒಂದೇ ಕಡೆ ನೋಡಬೇಡಿ. ಮೆಷಿನ್ನಿನ ಸೆನ್ಸರ್ ಒಂದು ಜಾಗ ಮುಟ್ಟಿ ದಪ್ಪ ಹೇಳಿಬಿಡುತ್ತದೆ, ಇಡೀ ಶೀಟ್ ಹಾಗೇ ಇದೆ ಅಂತ ನಂಬುತ್ತದೆ. ನಾಲ್ಕು ಮೂಲೆ ಮತ್ತು ಮಧ್ಯ, ಐದು ಕಡೆ ನೋಡಿ. ಎಲ್ಲಕ್ಕಿಂತ ಎತ್ತರದ ಜಾಗದಿಂದ ಒಂದೂವರೆ, ಎರಡು ಮಿಲಿಮೀಟರ್ ಮೇಲೆ ಹೆಡ್ ಇರಲಿ. ಹೆಡ್ಡಿಗೆ ತಾಗುತ್ತದೆ ಅನ್ನುವ ಭಯಕ್ಕೆ 4 ಮಿ.ಮೀ. ಎತ್ತರಿಸಿ ಕೆಲಸ ಮುಗಿಸುವವರಿದ್ದಾರೆ. ಹೆಡ್ ಉಳಿಯುತ್ತದೆ ನಿಜ. ಪ್ರಿಂಟ್ ಉಳಿಯುವುದಿಲ್ಲ.

ಈಗ ಆ ಮಂಜಿನ ವಿಷಯಕ್ಕೆ ಬರುತ್ತೇನೆ.

ನಾಝಲಿನಿಂದ ಹೊರಡುವಾಗ ಹನಿಗೆ ಒಂದು ಬಾಲ ಇರುತ್ತದೆ. ಆ ಬಾಲ ತುಂಡಾಗಿ ಸಣ್ಣ ಸಣ್ಣ ಮರಿಹನಿಗಳಾಗುತ್ತವೆ. ದೊಡ್ಡ ಹನಿ ಗಾಳಿ ಸೀಳಿಕೊಂಡು ಹೋಗುತ್ತದೆ. ಮರಿಹನಿಗೆ ಆ ತೂಕ ಇಲ್ಲ. ಒಂದೆರಡು ಮಿಲಿಮೀಟರ್ ಹೋಗುವಷ್ಟರಲ್ಲಿ ಗಾಳಿ ಅದನ್ನು ತಡೆದು ನಿಲ್ಲಿಸಿಬಿಡುತ್ತದೆ. ಆಮೇಲೆ ಅದು ತೇಲುವ ಮಂಜು. ಗ್ಯಾಪ್ ಜಾಸ್ತಿಯಾದಷ್ಟೂ ಮಂಜು ಜಾಸ್ತಿ. ಈ ಮಂಜನ್ನು ತನ್ನ ಕಡೆ ಎಳೆಯುವುದು ಶೀಟಿನ ಮೇಲಿನ ಸ್ಟ್ಯಾಟಿಕ್. ಚಿಕ್ಕಂದಿನಲ್ಲಿ ಸ್ಕೇಲನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತಿದ್ದೆವಲ್ಲ, ಅದೇ.

ಅಕ್ರಿಲಿಕ್ ಶೀಟಿನ ಮೇಲೆ ಒಂದು ತೆಳು ಪ್ಲಾಸ್ಟಿಕ್ ಪದರ ಬರುತ್ತದೆ. ಅದನ್ನು ಸರ್ರನೆ ಕಿತ್ತರೆ ಶೀಟಿನ ಮೇಲೆ ಸಾವಿರಾರು ವೋಲ್ಟ್ ಕೂರುತ್ತದೆ. ಮೊಣಕೈ ಕೂದಲು ನೆಟ್ಟಗೆ ನಿಲ್ಲುವುದನ್ನು ನೀವೂ ನೋಡಿರುತ್ತೀರಿ. ನಮ್ಮ ದಾನಿಗಳ ಬೋರ್ಡಿಗೆ ಆಗಿದ್ದು ಇದೇ. ಮಾರ್ಚ್ ತಿಂಗಳ ಮಧ್ಯಾಹ್ನ, ಬೆಂಗಳೂರಿನ ಒಣ ಗಾಳಿ. ಧೂಳು ಕೂರಬಾರದು ಅಂತ ಹುಡುಗ ಶೀಟನ್ನು ಬೆಡ್ ಮೇಲಿಟ್ಟು, ಕೊನೇ ನಿಮಿಷದಲ್ಲಿ ಪದರ ಎಳೆದು, ತಕ್ಷಣ ಪ್ರಿಂಟ್ ಒತ್ತಿದ್ದ. ಅವನ ಉದ್ದೇಶ ಒಳ್ಳೆಯದೇ. ಆದರೆ ಅತಿ ಹೆಚ್ಚು ಸ್ಟ್ಯಾಟಿಕ್ ಇದ್ದ ಹೊತ್ತಲ್ಲೇ ಹೆಡ್ ಮೇಲೆ ಓಡಿತ್ತು. 'ಥ'ದ ಚುಕ್ಕಿಯ ಸುತ್ತ ಇರುವ ಖಾಲಿ ಜಾಗ ಅಷ್ಟು ಸಣ್ಣ ಅಕ್ಷರದಲ್ಲಿ 1 ಮಿ.ಮೀ. ಕೂಡ ಇರುವುದಿಲ್ಲ. ಮಂಜು ಅದನ್ನು ಮುಚ್ಚಿತು.

ಪದರವನ್ನು ಮೆಷಿನ್ನಿನಿಂದ ದೂರದಲ್ಲಿ, ನಿಧಾನವಾಗಿ ತೆಗೆಯಿರಿ. ಆಮೇಲೆ ನೂಲು ಬಿಡದ ಬಟ್ಟೆಗೆ ಸ್ವಲ್ಪವೇ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒಂದೇ ದಿಕ್ಕಿನಲ್ಲಿ ಒರೆಸಿ. ಒಣ ಬಟ್ಟೆಯಿಂದ ಉಜ್ಜಿದರೆ ಹೋದ ಸ್ಟ್ಯಾಟಿಕ್ ಮತ್ತೆ ಬರುತ್ತದೆ. ಲೇಸರಿನಲ್ಲಿ ಕತ್ತರಿಸಿದ ಅಕ್ರಿಲಿಕ್ಕಿನ ಅಂಚಿಗೆ ಮಾತ್ರ ಐಪಿಎ ತಾಗಿಸಬೇಡಿ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಪ್ರಿಂಟ್ ಮುಗಿಸಿ ಆಮೇಲೆ ಕತ್ತರಿಸುವುದೇ ವಾಸಿ. ರೂಮಿನ ತೇವಾಂಶ ಶೇ 40ರಿಂದ 60ರ ಒಳಗಿದ್ದರೆ ಅರ್ಧ ಕಷ್ಟ ಕಡಿಮೆ. ಹ್ಯುಮಿಡಿಫೈಯರ್ ಇಲ್ಲದ ಕಡೆ ನೆಲಕ್ಕೆ ನೀರು ಚಿಮುಕಿಸುತ್ತಾರೆ. ನಗಬೇಡಿ, ಅದೂ ಕೆಲಸ ಮಾಡುತ್ತದೆ. ಕ್ಯಾರೇಜಿಗೆ ಸ್ಟ್ಯಾಟಿಕ್ ಕಳೆಯುವ ಅಯಾನೈಸರ್ ಬಾರ್ ಇದ್ದರೆ ಅದರ ಸೂಜಿಗಳ ಮೇಲೆ ಇಂಕಿನ ಧೂಳು ಕೂತಿದೆಯಾ ನೋಡಿ. ಕೊಳೆ ಕೂತ ಬಾರ್ ಇದ್ದೂ ಇಲ್ಲದ ಹಾಗೆ. ಅರ್ತಿಂಗ್ ಕೂಡ ನೋಡಿಸಿ. ಉಪ್ಪು, ಇದ್ದಿಲು ಹಾಕಿ ಗುಂಡಿ ಮಾಡಿಸಿದ ಮೇಲೆ ಅದಕ್ಕೆ ಒಂದು ಕೊಡ ನೀರು ಹಾಕಬೇಕು ಅನ್ನುವುದು ಬೇಸಿಗೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಅಂಚು ಮಸುಕಾದಾಗ ಇದು ಗ್ಯಾಪಿನ ತೊಂದರೆಯೋ ಸ್ಟ್ಯಾಟಿಕ್ಕೋ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಅದೇ ಅಕ್ಷರವನ್ನು ಯುನಿಡೈರೆಕ್ಷನಲ್‌ನಲ್ಲಿ, ಅಂದರೆ ಒಂದೇ ದಿಕ್ಕಿನಲ್ಲಿ ಹೊಡೆದು ನೋಡಿ. ಎರಡೆರಡು ಕಾಣುತ್ತಿದ್ದದ್ದು ಒಂದಾದರೆ ಅಂತರ ಇಲ್ಲವೇ ಅಲೈನ್‌ಮೆಂಟ್ ಕಾರಣ. ಆಗಲೂ ಮಂಜು ಹಾಗೇ ಇದ್ದರೆ ಸ್ಟ್ಯಾಟಿಕ್ ಹುಡುಕಿ. ಐದು ನಿಮಿಷದ ಕೆಲಸ. ಸರ್ವೀಸ್ ಇಂಜಿನಿಯರ್‌ಗೆ ಫೋನ್ ಮಾಡುವ ಮೊದಲು ಇದನ್ನು ಮಾಡಿಟ್ಟುಕೊಂಡರೆ ಮಾತು ಬೇಗ ಮುಗಿಯುತ್ತದೆ.

ಹನಿ ಸರಿಯಾದ ಜಾಗಕ್ಕೆ ಬಂತು ಅಂತಲೇ ಇಟ್ಟುಕೊಳ್ಳಿ. ಶೀಟ್ ಅದನ್ನು ಹಿಡಿದುಕೊಳ್ಳಬೇಕಲ್ಲ. ಕೆಸುವಿನ ಎಲೆ ಮೇಲೆ ನೀರು ಗುಂಡಾಗಿ ಉರುಳುತ್ತದೆ, ಬಾಳೆ ಎಲೆಯ ಮೇಲೂ ಸುಮಾರಾಗಿ ಹಾಗೇ. ಅದೇ ನೀರು ಸ್ಲೇಟಿನ ಮೇಲೆ ಹರಡಿ ಕೂರುತ್ತದೆ. ಮೇಲ್ಮೈಯ ಈ ಗುಣವನ್ನು ಡೈನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಅಕ್ರಿಲಿಕ್, ಪಿವಿಸಿ 38-40ರ ಆಸುಪಾಸು ಇರುತ್ತವೆ, ಯುವಿ ಇಂಕಿಗೆ ಅಷ್ಟು ಸಾಕು. ಫ್ಲೂಟ್ ಬೋರ್ಡ್ ಪಾಲಿಪ್ರೊಪಿಲೀನ್, ಅದರದು ಸುಮಾರು 30. ಇಂಕ್ ಅಲ್ಲಿ ಹಿಡಿಯುವುದಿಲ್ಲ. ಅದಕ್ಕೇ ಫ್ಯಾಕ್ಟರಿಯಲ್ಲಿ ಕರೋನಾ ಟ್ರೀಟ್‌ಮೆಂಟ್ ಮಾಡುತ್ತಾರೆ. ರೋಗದ ಕೊರೊನಾ ಅಲ್ಲ, ವಿದ್ಯುತ್ ಕಿಡಿ ಹಾಯಿಸಿ ಮೇಲ್ಮೈಯನ್ನು ಬದಲಿಸುವುದು. ಆ ಗುಣ ಶಾಶ್ವತ ಅಲ್ಲ, ದಿನ ಕಳೆದಂತೆ ಇಳಿಯುತ್ತದೆ. ಮೂಲೆಯಲ್ಲಿ ವರ್ಷ ಕಳೆದ ಫ್ಲೂಟ್ ಬೋರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ, ಪ್ರಿಂಟ್ ಚೆನ್ನಾಗಿ ಬಂದು, ಮಾರನೇ ದಿನ ಉಗುರಿಗೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಡೈನ್ ಪೆನ್ ಅಂತ ಸಿಗುತ್ತದೆ. 38ರ ಪೆನ್ನಿನ ಗೆರೆ ಎಳೆದಾಗ ಒಂದೆರಡು ಸೆಕೆಂಡ್ ಗೆರೆಯಾಗಿಯೇ ನಿಂತರೆ ಪಾಸ್, ಮುತ್ತುಮುತ್ತಾಗಿ ಒಡೆದರೆ ಫೇಲ್.

ಎಸಿಪಿಯಲ್ಲಿ ಮೋಸ ಹೋಗುವುದು ಇನ್ನೊಂದು ರೀತಿ. ಕಟ್ಟಡದ ಹೊರಮೈಗೆ ಹಾಕುವ ಎಸಿಪಿಗೆ ಪಿವಿಡಿಎಫ್ ಲೇಪನ ಇರುವುದು ಸಾಮಾನ್ಯ. ಅದು ನಾನ್‌ಸ್ಟಿಕ್ ತವಾದ ಲೇಪನದ ಹತ್ತಿರದ ನೆಂಟ. ಮಳೆ, ಧೂಳು ಅಂಟಬಾರದು ಅಂತಲೇ ಅದನ್ನು ಬಳಿದಿರುತ್ತಾರೆ. ಅಂಥದ್ದಕ್ಕೆ ಇಂಕ್ ಅಂಟು ಅಂದರೆ ಹೇಗೆ? ಸೈನ್ ಬೋರ್ಡಿನ ಎಸಿಪಿಯನ್ನೇ ಕೇಳಿ ತನ್ನಿ. ಇನ್ನು ಗಾಜು. ಅದರ ಡೈನ್ ಎತ್ತರವೇ, ಆದರೂ ಪ್ರೈಮರ್ ಇಲ್ಲದೆ ಇಂಕ್ ನಿಲ್ಲುವುದಿಲ್ಲ. ಇಂಕ್ ಹರಡುವುದು ಬೇರೆ, ಕಚ್ಚಿ ಹಿಡಿಯುವುದು ಬೇರೆ. ಬೆರಳಚ್ಚಿನ ಎಣ್ಣೆ ಒಂದಿದ್ದರೆ ಯಾವ ಶೀಟಿನಲ್ಲೂ ಅದೇ ಆಕಾರಕ್ಕೆ ಇಂಕ್ ಏಳುತ್ತದೆ. ಶೀಟ್ ಎತ್ತುವ ಹುಡುಗರಿಗೆ ಕೈಗವಸು ಕೊಡಿ ಅನ್ನುವುದು ಅದಕ್ಕೇ.

ಲ್ಯಾಂಪ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕನ್ನಡಿ ಅಕ್ರಿಲಿಕ್ ಅಥವಾ ಹೊಳೆಯುವ ಸ್ಟೀಲ್ ಮೇಲೆ ಪ್ರಿಂಟ್ ಮಾಡುವಾಗ ಯುವಿ ಬೆಳಕು ಮೇಲಕ್ಕೆ ತಿರುಗಿ ನಾಝಲಿಗೇ ಹೊಡೆಯುತ್ತದೆ. ಇಂಕ್ ನಾಝಲ್ ಬಾಯಲ್ಲೇ ಗಟ್ಟಿಯಾದರೆ ಆ ಹೆಡ್ ಸತ್ತ ಹಾಗೆ. ಇಂಥ ಕೆಲಸಕ್ಕೆ ಲ್ಯಾಂಪ್ ಪವರ್ ಇಳಿಸಿ, ಗ್ಯಾಪ್ ಕಡಿಮೆ ಇಡಿ, ಮಧ್ಯೆ ಮಧ್ಯೆ ನಿಲ್ಲಿಸಿ ಹೆಡ್ ಒರೆಸಿ. ಸಾಧಾರಣ ಶೀಟಿನಲ್ಲೂ ಪವರ್ ಜಾಸ್ತಿ ಇಟ್ಟರೆ ಒಳ್ಳೆಯದು ಅಂದುಕೊಳ್ಳಬೇಡಿ. ಅತಿಯಾಗಿ ಗಟ್ಟಿಯಾದ ಇಂಕ್ ಹಪ್ಪಳದ ಥರ, ರೂಟರ್ ಅನ್ನುವ ಮೆಷಿನ್ನಿನಲ್ಲಿ ಕತ್ತರಿಸುವಾಗ ಅಂಚಿನಲ್ಲಿ ಚಕ್ಕೆ ಏಳುತ್ತದೆ. ತೆಳು ಶೀಟಾದರೆ ಬಿಸಿಗೆ ಪ್ರಿಂಟ್ ಮಧ್ಯದಲ್ಲೇ ಹೊಟ್ಟೆ ಉಬ್ಬಿ, ಮತ್ತೆ ಆ ಎರಡು ಮಿಲಿಮೀಟರ್ ಲೆಕ್ಕ ತಪ್ಪುತ್ತದೆ.

ಪಟ್ಟೆ ಬಂದರೆ ಅದರ ಬಣ್ಣ ನೋಡಿ. ಪಾಸಿನಿಂದ ಪಾಸಿಗೆ ಒಂದೇ ಅಂತರದಲ್ಲಿ ಕಪ್ಪು ಗೆರೆ ಬಂದರೆ ಸ್ಟೆಪ್ (ಒಂದು ಪಾಸ್ ಆದ ಮೇಲೆ ಮುಂದೆ ಸರಿಯುವ ದೂರ) ಕಡಿಮೆ, ಬಿಳಿ ಗೆರೆಯಾದರೆ ಸ್ಟೆಪ್ ಜಾಸ್ತಿ. ಒಂದೇ ಬಣ್ಣದಲ್ಲಿ ಮಾತ್ರ ಕೂದಲಂಥ ಬಿಳಿ ಗೆರೆ ಬಂದರೆ ನಾಝಲ್ ಕಟ್ಟಿದೆ. ನೇರ ನೋಡಿದರೆ ಏನೂ ಕಾಣದೆ, ಬೆಳಕಿಗೆ ಓರೆ ಹಿಡಿದಾಗ ಮಾತ್ರ ಒಂದು ಪಟ್ಟಿ ಹೊಳಪು, ಒಂದು ಪಟ್ಟಿ ಮಂಕು ಕಂಡರೆ ಅದು ಲ್ಯಾಂಪಿನದು. ಹೋಗುವ ಪಾಸಿನಲ್ಲಿ ಹನಿ ಬಿದ್ದು ಬೆಳಕು ತಾಗುವ ಸಮಯಕ್ಕೂ ಬರುವ ಪಾಸಿನ ಸಮಯಕ್ಕೂ ವ್ಯತ್ಯಾಸ ಇರುವುದರಿಂದ ಹಾಗಾಗುತ್ತದೆ. ಒಂದೇ ದಿಕ್ಕಿನಲ್ಲಿ ಹೊಡೆದರೆ ಕಡಿಮೆಯಾಗುತ್ತದೆ, ಆದರೆ ಸಮಯ ಹೆಚ್ಚುಕಮ್ಮಿ ಎರಡರಷ್ಟು.

ಬಿಳಿ ಇಂಕಿನದು ಸಣ್ಣ ವಿಷಯ, ಮರೆತರೆ ದೊಡ್ಡ ನಷ್ಟ. ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ನಾಲ್ಕು ಪಟ್ಟು ತೂಕ. ಸುಮ್ನೆ ಬಿಟ್ಟರೆ ತಳ ಸೇರುತ್ತದೆ, ಮೇಲಿನದು ಮಜ್ಜಿಗೆ ನೀರಿನ ಹಾಗೆ ತೆಳ್ಳಗಾಗುತ್ತದೆ. ದಿನಾ ಕಲಕಬೇಕು. ಬಣ್ಣದ ವಿಷಯದಲ್ಲಿ, ಒಂದು ಕಂಪನಿಯ ಸನ್‌ಬೋರ್ಡಿಗೆ ಮಾಡಿದ ಪ್ರೊಫೈಲನ್ನು, ಅಂದರೆ ಯಾವ ಇಂಕ್ ಎಷ್ಟು ಅನ್ನುವ ಲೆಕ್ಕವನ್ನು, ಇನ್ನೊಂದಕ್ಕೆ ಹಾಕಿದರೆ ಮುಖದ ಬಣ್ಣವೇ ಬೇರೆಯಾಗಬಹುದು. ಎಲ್ಲ ಬಿಳಿಯೂ ಒಂದೇ ಬಿಳಿ ಅಲ್ಲ. ಎರಡು ಬೋರ್ಡನ್ನು ಅಕ್ಕಪಕ್ಕ ಇಟ್ಟರೆ ಒಂದು ಹಾಲು, ಒಂದು ಕೆನೆ.

ಇನ್ನು ಫೈಲ್. ಎಲ್ಲರೂ 300 ಡಿಪಿಐ ಬೇಕು ಅನ್ನುತ್ತಾರೆ. ಕಣ್ಣಿಗೆ ಒಂದು ಮಿತಿ ಇದೆ. 3 ಮೀಟರ್ ದೂರದಿಂದ ನೋಡುವಾಗ ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಇರುವ ಎರಡು ಚುಕ್ಕಿಗಳನ್ನು ಬೇರೆ ಮಾಡಿ ನೋಡಲು ಆಗುವುದಿಲ್ಲ. ಲೆಕ್ಕಕ್ಕೆ 30 ಡಿಪಿಐ ಸಾಕು, ಸ್ವಲ್ಪ ಹೆಚ್ಚೇ ಇರಲಿ ಅಂತ 100 ಇಟ್ಟುಕೊಳ್ಳಿ. ಫೋಟೋಗೆ ಈ ಮಾತು. ಅಕ್ಷರ ಮಾತ್ರ ಯಾವಾಗಲೂ ವೆಕ್ಟರ್‌ನಲ್ಲೇ, ಅಂದರೆ ಚುಕ್ಕಿಗಳಾಗಿ ಅಲ್ಲ, ಗೆರೆಗಳ ಆಕಾರವಾಗಿಯೇ ಇರಲಿ, ಅದರಲ್ಲೂ ಕನ್ನಡ. ಇಂಗ್ಲಿಷ್ ಅಕ್ಷರಕ್ಕಿಲ್ಲದ ತಾಪತ್ರಯ ನಮ್ಮದಕ್ಕಿದೆ. ಒತ್ತು ಮೂಲ ಅಕ್ಷರಕ್ಕಿಂತ ಚಿಕ್ಕದು, ದೀರ್ಘ ಸಣ್ಣ ಕೊಂಬು, 'ದ' ಮತ್ತು 'ಥ'ಗೆ ಒಂದು ಚುಕ್ಕಿಯ ವ್ಯತ್ಯಾಸ. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಕಾನೂನು ಅಕ್ಷರಕ್ಕೆ ಜಾಗ ಕೊಡಿಸಿತು. ಚುಕ್ಕಿ ತುಂಬಿಹೋಗದ ಹಾಗೆ ನೋಡಿಕೊಳ್ಳುವುದು ನಮ್ಮ ಪಾಲಿನದು. ಸಣ್ಣ ಅಕ್ಷರಕ್ಕೆ ಒಳಗಿನ ಜಾಗ ಅಗಲ ಇರುವ ಫಾಂಟ್ ಆರಿಸಿ. ದಪ್ಪ ಬೋಲ್ಡ್ ಹಾಕಿದರೆ ದೂರಕ್ಕೆ ಕಾಣುತ್ತದೆ ಅಂತ ಗಿರಾಕಿ ಹಟ ಹಿಡಿದರೆ ಒಂದು ಸಾಲು ಹೊಡೆದು ತೋರಿಸಿ.

ಆ ದಾನಿಗಳ ಬೋರ್ಡನ್ನು ಮತ್ತೆ ಮಾಡಿದೆವು. ಹಿಂದಿನ ಸಂಜೆ ಶೀಟನ್ನು ಪಕ್ಕದ ಮೇಜಿನ ಮೇಲೆ ಇಟ್ಟು ಪದರ ತೆಗೆದು, ಒರೆಸಿ, ಮೇಲೆ ಒಗೆದ ಹತ್ತಿ ಬಟ್ಟೆ ಹೊದಿಸಿದ್ದೆವು. ಬೆಳಗ್ಗೆ ಮೊದಲ ಕೆಲಸವೇ ಅದು, ಗಾಳಿಯಲ್ಲಿ ಇನ್ನೂ ತಂಪು ಇರುವಾಗ. ಗ್ಯಾಪ್ ಒಂದೂವರೆ ಮಿಲಿಮೀಟರ್, ಒಂದೇ ದಿಕ್ಕು, ಎಂಟು ಪಾಸ್. ಅದೇ ಶೀಟಿನ ಅಂಚಿನಲ್ಲಿ ಅಂಗೈಯಗಲದ ಕಪ್ಪು ಚೌಕ ಒಂದನ್ನೂ ಹೊಡೆದು, ಕತ್ತರಿಸಿ ಇಟ್ಟುಕೊಂಡೆ. ಇಂಕ್ ಪೂರ್ತಿ ಕಚ್ಚಲು ಒಂದು ದಿನ ಬಿಡಬೇಕು. ಮಾರನೇ ದಿನ ಆ ತುಂಡಿನ ಮೇಲೆ ಬ್ಲೇಡಿನಿಂದ 1 ಮಿ.ಮೀ. ಅಂತರದಲ್ಲಿ ಉದ್ದಕ್ಕೆ 11, ಅಡ್ಡಕ್ಕೆ 11 ಗೆರೆ ಎಳೆದೆ. ನೂರು ಚೌಕ ಆಗುತ್ತದೆ. ಮೇಲೆ ಟೇಪ್ ಒತ್ತಿ ಅಂಟಿಸಿ ಒಂದೇ ಸಲ ಎಳೆದು, ಎಷ್ಟು ಚೌಕ ಟೇಪಿಗೆ ಬಂತು ಅಂತ ಎಣಿಸಿದೆ. ಎರಡು. ಐದರ ಒಳಗಿದ್ದರೆ ನಾನು ಕಳಿಸುತ್ತೇನೆ. ಆ ತುಂಡಿನ ಹಿಂದೆ ತಾರೀಕು, ಶೀಟಿನ ಕಂಪನಿ, ಗ್ಯಾಪ್, ಲ್ಯಾಂಪ್ ಪವರ್ ಬರೆದು ಡಬ್ಬಕ್ಕೆ ಹಾಕಿದೆ. ಈಗ ಅಂಥವು ಒಂದು ಡಬ್ಬ ತುಂಬ ಇವೆ. ಹಿರಿಯರು ಬಂದು ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಅದೇ ಸಾಲನ್ನು. "ರಥಬೀದಿ" ಅಂತ ಗಟ್ಟಿಯಾಗಿ ಓದಿ, ಬೋರ್ಡನ್ನು ಆಟೋಗೆ ಹೇರಿಸಿಕೊಂಡು ಹೊರಟರು.